ತಂಗಿಯ ಮನೆಗೆ ಹೋಗಬಾರದು

ನ್ಯಾಯಾಲಯ ಅಕ್ಕನಿಗೆ ಹಾಕಿದ ಷರತ್ತುಗಳಲ್ಲಿ ಮುಖ್ಯವಾದದ್ದು ಇದು: ಒಂದು ವರ್ಷ ತಂಗಿಯ ಮನೆಯ ಹೊಸ್ತಿಲು ತುಳಿಯಬಾರದು, ಅವಳು ಕೆಲಸ ಮಾಡುವ ಕಡೆ ಸುಳಿಯಬಾರದು, ಫೋನ್ ಮಾಡಬಾರದು, ಬೇರೆಯವರ ಕೈಯಲ್ಲಿ ಏನನ್ನೂ ಹೇಳಿ ಕಳಿಸಬಾರದು. ತಿಂಗಳಿಗೊಮ್ಮೆ ಪ್ರೊಬೇಷನ್ ಆಫೀಸರ ಮುಂದೆ ಹಾಜರಾಗಬೇಕು. ಇದಕ್ಕೆಲ್ಲ ಒಪ್ಪಿ ಮುಚ್ಚಳಿಕೆ ಬರೆದುಕೊಟ್ಟರೆ ಜೈಲಿಲ್ಲ. ಮುರಿದರೆ ವಾರಂಟ್.

ಅಕ್ಕ ಒಪ್ಪಿದಳು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ಮಾಡಿದ್ದು ಸಣ್ಣ ತಪ್ಪಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಅವಳದ್ದು ಇಸ್ತ್ರಿ ಅಂಗಡಿ. ಪೊಲೀಸ್ ಠಾಣೆಯ ಹಿಂದಿನ ಬೀದಿಯಲ್ಲಿ, ಎರಡು ದೊಡ್ಡ ಕಟ್ಟಡಗಳ ನಡುವೆ ಯಾರೋ ಮರೆತು ಬಿಟ್ಟಂತಿದ್ದ ಕಿರಿದಾದ ಜಾಗ. ಮುಂದೆ ಮೇಜು, ಹಿಂದೆ ಗೋಡೆಯುದ್ದಕ್ಕೂ ಹಲಗೆ, ಮೇಲೆ ಒಂದು ಫ್ಯಾನು. ಅದು ತಿರುಗುವುದಕ್ಕಿಂತ ಸದ್ದು ಮಾಡುವುದೇ ಹೆಚ್ಚು. ಐವತ್ತು ದಾಟಿದ್ದ ಅಕ್ಕ ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲೇ ಅವಳ ವಾಸ. ತಂಗಿ ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವಳು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸದವಳು. ತಂಗಿಯ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದರು. ಅಳೆದು ತೂಗಿ ಮಾತನಾಡುವ ಮನುಷ್ಯ. ಅಕ್ಕ ಅವರನ್ನು ಬೆನ್ನ ಹಿಂದೆ ಕನ್ನಡಕದ ಸಾಹೇಬರು ಎನ್ನುತ್ತಿದ್ದಳು. ಅವರಿಗೆ ಅದು ಗೊತ್ತಿತ್ತು.

ಅಕ್ಕತಂಗಿಯರ ಅಪ್ಪ ಸಿನಿಮಾ ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದವರು. ಕೊನೆಯ ಕೆಲವು ವರ್ಷ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಅಕ್ಕ ರಜೆಯ ದಿನ ಹೋಗಿ ಅವರ ಉಗುರು ತೆಗೆದು, ಮೈ ಒರೆಸಿ, ತಂಗಿಯ ಜೊತೆ ಒಂದಷ್ಟು ಜಗಳವಾಡಿ ಬರುತ್ತಿದ್ದಳು. ಒಂದು ಬೆಳಗಿನ ಜಾವ ಅಪ್ಪ ತೀರಿಕೊಂಡರು. ಮಧ್ಯಾಹ್ನ ಯಾರದೋ ಬಾಯಿಂದ ಸುದ್ದಿ ತಿಳಿದು ಅಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. 'ಎಷ್ಟು ಸಲ ಫೋನ್ ಮಾಡ್ದೆ, ನೀನು ಎತ್ತಲಿಲ್ಲ' ಎಂದಳು ತಂಗಿ. 'ಫೋನ್ ಬರಲೇ ಇಲ್ಲ' ಎಂದಳು ಅಕ್ಕ.

ಅದಾದ ಮೂರನೆಯ ದಿನ ತಂಗಿ ಇಸ್ತ್ರಿ ಅಂಗಡಿಗೆ ಬಂದು ಅದೇ ವಿಷಯ ಎತ್ತಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಂಗಿ, 'ಬದುಕಿದ್ದಾಗ ವಾರಕ್ಕೊಂದ್ಸಲ ಬರೋಳಿಗೆ ಸತ್ತ ಮೇಲೆ ಮುಖ ನೋಡೋ ಹಂಬಲ ಯಾಕೆ?' ಎಂದುಬಿಟ್ಟಳು. ಅಕ್ಕನ ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ ಇತ್ತು. ಮರುಗಳಿಗೆ ಅದು ಕೈಯಲ್ಲಿರಲಿಲ್ಲ. ವೈರು ಗೋಡೆಯಿಂದ ಕಿತ್ತುಕೊಂಡು ಬಂದಿತ್ತು.

ತಂಗಿಯ ಎಡಭುಜದ ಮೂಳೆ ಮುರಿಯಿತು. ತೋಳಿನ ಮೇಲೆ ಅಂಗೈಯಗಲ ಚರ್ಮ ಸುಟ್ಟಿತು. ಗಾಡಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅಕ್ಕನೇ. ಅಲ್ಲಿ ಹೇಗಾಯಿತು ಎಂದು ಕೇಳಿದಾಗ, 'ನಾನೇ ಎಸೆದೆ' ಎಂದು ಹೇಳಿದವಳೂ ಅವಳೇ. ಪೊಲೀಸರು ಅಲ್ಲಿಂದಲೇ ಕರೆದೊಯ್ದರು. ಮುಂದೆ ವಿಚಾರಣೆಯಲ್ಲೂ ಅವಳು ಅದನ್ನೇ ಹೇಳಿದಳು. ಹಿಂದೆ ಯಾವ ಕೇಸೂ ಇರಲಿಲ್ಲವಾದ್ದರಿಂದ ಪ್ರೊಬೇಷನ್ ಸಿಕ್ಕಿತು.

ಎರಡು ತಿಂಗಳು ಎಲ್ಲವೂ ಆರ್ಡರಿನಲ್ಲಿ ಬರೆದಂತೆಯೇ ನಡೆಯಿತು. ಮೂರನೆಯ ತಿಂಗಳು ತಂಗಿ ಅಂಗಡಿಗೆ ಬಂದಳು. ಕೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ಮತ್ತೊಂದು ಕೈಯಲ್ಲಿ ಬಟ್ಟೆಯ ಗಂಟು. ಮೇಜಿನ ಮೇಲೆ ಇಟ್ಟಳು. ಒಂದು ಕ್ಷಣ ನಿಂತಳು. ಹೋದಳು.

ಮುಂದಿನ ವಾರವೂ ಬಂದಳು. ಅಕ್ಕ ಇದನ್ನು ಆ ತಿಂಗಳ ಹಾಜರಿಯಲ್ಲಿ ಪ್ರೊಬೇಷನ್ ಆಫೀಸರಿಗೆ ಹೇಳಿದಳು. ಅವರ ಕಚೇರಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹೊಸ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಒಳಗೂ ಬಂದು ಕೂತಿರುತ್ತಿತ್ತು. ಅದಕ್ಕೋ ಏನೋ, ಆಫೀಸರಿಗೆ ವರ್ಷವಿಡೀ ನೆಗಡಿ.

'ತಂಗಿ ಬರ್ತಿದಾಳೆ ಸಾರ್.'

'ಎಲ್ಲಿಗೆ?'

'ನನ್ನ ಅಂಗಡಿಗೆ. ಬಟ್ಟೆ ತಂದಿಡ್ತಾಳೆ.'

'ಬರಬೇಡ ಅಂತ ಹೇಳಿ.'

'ಹೇಳಿದ್ರೆ ಮಾತಾಡಿದ ಹಾಗಾಗಲ್ವಾ ಸಾರ್?'

ಆಫೀಸರು ಮೂಗು ಒರೆಸಿಕೊಂಡು ಯೋಚಿಸಿದರು. 'ಹಾಗಾದ್ರೆ ಬಟ್ಟೆ ತಗೋಬೇಡಿ.'

'ನಾನೆಲ್ಲಿ ತಗೊಂಡೆ? ಅವಳು ಇಟ್ಟು ಹೋಗ್ತಾಳೆ. ಬೀದಿಗೆ ಎಸೀಲಾ?'

'ಎಸಿಯೋ ಮಾತು ಮಾತ್ರ ಆಡ್ಬೇಡಿ ನೀವು.' ಅವರು ನಗಲಿಲ್ಲ. 'ನೋಡಿ ಅಮ್ಮ, ಆರ್ಡರ್ ಇರೋದು ನಿಮಗೆ, ಅವರಿಗಲ್ಲ. ಅವರು ಎಲ್ಲಿ ಬೇಕಾದ್ರೂ ಹೋಗ್ಬಹುದು, ಬರ್ಬಹುದು. ಕಟ್ಟಿಹಾಕಿರೋದು ನಿಮ್ಮ ಕಾಲನ್ನ. ಮಾತುಕತೆ ಇಲ್ಲ ತಾನೇ?'

'ಒಂದಕ್ಷರ ಇಲ್ಲ.'

'ಹಾಗೇ ಇರಿ. ಮಿಕ್ಕಿದ್ದು ನೀವು ಹೇಳಿಲ್ಲ, ನಾನು ಕೇಳಿಲ್ಲ.'

ಹಾಗೆಯೇ ನಡೆಯಿತು. ವಾರಕ್ಕೊಮ್ಮೆ ತಂಗಿ ಬರುವಳು, ಹೊಸ ಗಂಟು ಇಡುವಳು, ಇಸ್ತ್ರಿಯಾದದ್ದನ್ನು ಎತ್ತಿಕೊಂಡು ಹೋಗುವಳು. ಮೊದಮೊದಲು ಗಂಡನ ಅಂಗಿ, ಕ್ಲಿನಿಕ್ಕಿಗೆ ಹಾಕುವ ಉಡುಪು. ಆಮೇಲಾಮೇಲೆ ಹಾಸಿಗೆಯ ಹೊದಿಕೆ, ಕಿಟಕಿಯ ಪರದೆ. ಒಂದು ಸಲ ಗಂಟು ಬಿಚ್ಚಿದರೆ ಮೂರು ಕರವಸ್ತ್ರ, ಅಡುಗೆಮನೆಯ ಒರೆಸುವ ಬಟ್ಟೆ. ಹುಟ್ಟಿದಾಗಿನಿಂದ ಇಸ್ತ್ರಿಯ ಮುಖ ಕಾಣದ ಬಟ್ಟೆಗಳು. ಅಕ್ಕ ಅವನ್ನೂ ನೀರು ಚಿಮುಕಿಸಿ ತಿಕ್ಕಿ ನಾಲ್ಕು ಮಡಿಕೆ ಮಾಡಿಟ್ಟಳು. ಅಂಗಿಯ ಗುಂಡಿ ಸಡಿಲವಾಗಿದ್ದರೆ ಹೊಲಿದಳು. ಇಬ್ಬರೂ ತುಟಿ ಬಿಚ್ಚಲಿಲ್ಲ. ಎದುರು ಅಂಗಡಿಯ ಚಪ್ಪಲಿ ಹೊಲಿಯುವವನು ಇದನ್ನು ನೋಡಿ ನೋಡಿ, 'ನಿಮ್ಮಿಬ್ಬರಿಗಿಂತ ನನ್ನ ಹೆಂಡ್ತಿ ವಾಸಿ, ಮುನಿಸಿಕೊಂಡ್ರೆ ಅಟ್ಲೀಸ್ಟ್ ಬಯ್ತಾಳೆ' ಎಂದ.

ಎಂಟನೆಯ ತಿಂಗಳಲ್ಲಿ ತಂಗಿ ಬರುವುದು ನಿಂತಿತು. ಇಸ್ತ್ರಿಯಾದ ಗಂಟು ಹಲಗೆಯ ಮೇಲೆ ಉಳಿಯಿತು. ಒಂದು ವಾರ ಆಯಿತು, ಎರಡಾಯಿತು. ಸಿಟ್ಟು ಬಂದಿರಬಹುದು ಎಂದುಕೊಂಡಳು ಅಕ್ಕ. ಮಾತನ್ನೇ ಆಡದೆ ಸಿಟ್ಟು ಬರಿಸುವುದು ಹೇಗೆ ಎಂದೂ ಯೋಚಿಸಿದಳು. ಮೂರನೆಯ ವಾರ ಹಲ್ಲಿನ ಡಾಕ್ಟರ ಬಿಳಿ ಕೋಟುಗಳನ್ನು ಹೊತ್ತುಕೊಂಡು ಕ್ಲಿನಿಕ್ಕಿನ ಆಯಾ ಬಂದಳು. ಅಕ್ಕ ಏನನ್ನೂ ಕೇಳಲಿಲ್ಲ. ಕೇಳಿದರೆ ಬೇರೆಯವರ ಮೂಲಕ ವಿಚಾರಿಸಿದ ಹಾಗಾಗುತ್ತದೆ. ಆಯಾ ತಾನಾಗಿಯೇ ಹೇಳಿದಳು.

'ಟೋಕನ್ ಅಮ್ಮನಿಗೆ ಮತ್ತೆ ಆಪರೇಷನ್ ಆಯ್ತಂತೆ. ಮೂಳೆ ಸರಿಯಾಗಿ ಕೂಡಿರಲಿಲ್ವಂತೆ, ಪಾಪ. ಬಿಚ್ಚಿ ಹೊಸದಾಗಿ ಪ್ಲೇಟು ಕೂರಿಸಿದಾರೆ. ಇನ್ನೂ ಒಂದು ತಿಂಗಳು ಕೆಲಸಕ್ಕೆ ಬರೋ ಹಾಗಿಲ್ಲ.'

ಆಯಾ ಹೋದ ಮೇಲೆ ಅಕ್ಕ ಅರ್ಧಕ್ಕೆ ನಿಂತಿದ್ದ ಪ್ಯಾಂಟನ್ನು ಮುಗಿಸಿದಳು. ಪೆಟ್ಟಿಗೆಯ ಪ್ಲಗ್ ತೆಗೆದಳು. ಬಾಗಿಲು ಎಳೆದು ಬೀಗ ಹಾಕಿ, ತಂಗಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ತಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲಲ್ಲೇ ಗಂಟು ಇಟ್ಟು ಬಂದರೆ ಒಳಗೆ ಹೋದ ಹಾಗಲ್ಲ ಎಂಬ ಲೆಕ್ಕವೂ ಇತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ತಂಗಿ ಮಂಚದ ಅಂಚಿನಲ್ಲಿ ಕೂತು ಒಂದೇ ಕೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ಬಾಚಣಿಗೆ ಸಿಕ್ಕಿನಲ್ಲಿ ಸಿಲುಕಿ ನೇತಾಡುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

'ಅಲ್ಲೇ ನಿಂತ್ಕೊಂಡು ನೋಡ್ತೀಯೋ, ಬಿಡಿಸ್ತೀಯೋ?' ಎಂದಳು ತಂಗಿ. ಎಂಟು ತಿಂಗಳಲ್ಲಿ ಅವಳಾಡಿದ ಮೊದಲ ಮಾತು ಅದು.

ಅಕ್ಕ ಹೊಸ್ತಿಲು ದಾಟಿದಳು. ಬೆನ್ನ ಹಿಂದೆ ನಿಂತು ಒಂದೊಂದೇ ಎಳೆಯಾಗಿ ಸಿಕ್ಕು ಬಿಡಿಸತೊಡಗಿದಳು. 'ಮೆಲ್ಲಗೆ ಕಣೇ, ಅದು ತಲೆ, ಬಟ್ಟೆಯಲ್ಲ' ಎಂದಳು ತಂಗಿ. 'ಎಣ್ಣೆ ಕಂಡು ಎಷ್ಟು ದಿನ ಆಯ್ತು ಇದು? ಗುಬ್ಬಿ ಗೂಡು ಕಟ್ಟಬಹುದು' ಎಂದಳು ಅಕ್ಕ. ಅಪ್ಪನ ವಿಷಯ ಇಬ್ಬರೂ ಎತ್ತಲಿಲ್ಲ.

ಜಡೆ ಅರ್ಧ ಹೆಣೆದಿರುವಾಗ ತಂಗಿಯ ಗಂಡ ಔಷಧಿ ತೆಗೆದುಕೊಂಡು ಮನೆಗೆ ಬಂದರು. ಅವರು ಕಂಡದ್ದು ಇಷ್ಟು: ಹೆಂಡತಿಯ ಮೂಳೆ ಮುರಿದವಳು ಹೆಂಡತಿಯ ಹಿಂದೆ ನಿಂತಿದ್ದಾಳೆ, ಹೆಂಡತಿಯ ಕೂದಲು ಅವಳ ಮುಷ್ಟಿಯಲ್ಲಿದೆ. ಎರಡು ಆಪರೇಷನ್ನಿನ ಸಮಯದಲ್ಲೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಳಗಿನ ನರಳಾಟ ಕೇಳಿದವರು ಅವರು. ದನಿ ಏರಿಸಲಿಲ್ಲ. ಔಷಧಿಯನ್ನು ಕಪಾಟಿನ ಮೇಲಿಟ್ಟು ಹೊರಗೆ ಹೋಗಿ, ಮೆಟ್ಟಿಲ ಕೆಳಗೆ ನಿಂತು ಪೊಲೀಸರಿಗೆ ಫೋನ್ ಮಾಡಿದರು.

ಅಕ್ಕ ಜಡೆ ಮುಗಿಸಿಯೇ ಹೊರಟಳು. ಮೆಟ್ಟಿಲ ಬಳಿ ಅವರು ದಾರಿ ಬಿಟ್ಟು ನಿಂತರು.

ಪ್ರೊಬೇಷನ್ ಆಫೀಸರನ್ನು ಠಾಣೆಯಿಂದ ಕೇಳಿದಾಗ ಅವರು ಬರೆದ ವರದಿ ಒಂದೇ ಸಾಲಿನದು: ಷರತ್ತು ಮುರಿದಿರುವುದು ನಿಜ. ಕೋರ್ಟು ಬರೀ ಸಮನ್ಸ್ ಕಳಿಸಬಹುದಿತ್ತು. ಆದರೆ ಗಾಯಗೊಂಡವಳು ಒಬ್ಬಳೇ ಇದ್ದಾಗ ಒಳನುಗ್ಗಿದಳು ಎಂದು ದೂರಿನಲ್ಲಿತ್ತು. ವಾರಂಟೇ ಹೊರಟಿತು.

ಶುಕ್ರವಾರ ಮಧ್ಯಾಹ್ನ ಮಹಿಳಾ ಪೇದೆಯೊಬ್ಬಳು ಅಂಗಡಿಯ ಮುಂದೆ ಬಂದು ನಿಂತಳು. ಮೂವತ್ತರ ಆಸುಪಾಸಿನವಳು, ಅದೇ ಠಾಣೆಯವಳು. ಅಕ್ಕ ಎಂದಿನಂತೆ ಹಲಗೆಯ ಕಡೆ ಕೈ ಚಾಚಿದಳು.

'ನಿಮ್ಮದು ಆಗಿದೆ, ಎರಡು ಜೊತೆ.'

'ಅದಕ್ಕಲ್ಲಮ್ಮ ಬಂದಿದ್ದು.' ಪೇದೆ ಕಾಗದ ತೆಗೆದಳು. ಓದಿ ಹೇಳಿದಳು. ಓದಿ ಮುಗಿದ ಮೇಲೆ ತನ್ನ ಗರಿಗರಿ ತೋಳನ್ನು ತಾನೇ ನೋಡಿಕೊಂಡು, 'ನೀವು ತಿಕ್ಕಿದ ಯೂನಿಫಾರಂ ಹಾಕ್ಕೊಂಡೇ ನಿಮ್ಮನ್ನ ಹಿಡಿಯೋ ಹಾಗಾಯ್ತು ನೋಡಿ' ಎಂದಳು.

'ಮಡಿಕೆ ಚೆನ್ನಾಗಿ ನಿಂತಿದೆ' ಎಂದಳು ಅಕ್ಕ. 'ಐದು ನಿಮಿಷ ಕೊಡ್ತೀರಾ? ಸಂಜೆ ಒಂದಷ್ಟು ಜನ ಬಟ್ಟೆಗೆ ಬರ್ತಾರೆ.'

ಪೇದೆ ಸ್ಟೂಲಿನ ಮೇಲೆ ಕೂತಳು. ಅಕ್ಕ ಗಂಟುಗಳನ್ನೆಲ್ಲ ಎದುರಿನ ಚಪ್ಪಲಿ ಅಂಗಡಿಗೆ ಸಾಗಿಸಿ, ಯಾವುದು ಯಾರದ್ದೆಂದು ಹೇಳಿಕೊಟ್ಟಳು. ಅವನು ತಲೆ ಅಲ್ಲಾಡಿಸಿದ. ತಮಾಷೆ ಮಾಡಲಿಲ್ಲ. 'ಬೇಗ ಬಂದ್ಬಿಡಿ ಅಕ್ಕ' ಎಂದಷ್ಟೇ ಹೇಳಿದ. ಬೀದಿಯಲ್ಲಿ ನಡೆಯುವಾಗ ಪೇದೆ ಅವಳ ಕೈ ಹಿಡಿಯಲಿಲ್ಲ, ಪಕ್ಕದಲ್ಲೇ ಹೆಜ್ಜೆ ಹಾಕಿದಳು. ನೋಡಿದವರಿಗೆ ಇಬ್ಬರೂ ಸಂತೆಗೆ ಹೊರಟಂತೆ ಕಾಣುತ್ತಿತ್ತು.

ಮರುದಿನ ರಜಾದಿನದ ಮ್ಯಾಜಿಸ್ಟ್ರೇಟರು ಸೋಮವಾರದವರೆಗೆ ಕಸ್ಟಡಿಗೆ ಕಳಿಸಿದರು. ಹೆಂಗಸರ ಜೈಲಿನಲ್ಲಿ ಅಕ್ಕ ಕಳೆದದ್ದು ಎರಡೇ ದಿನ. ಅಲ್ಲಿ ಯಾರೂ ಅವಳಿಗೆ ಕಷ್ಟ ಕೊಡಲಿಲ್ಲ. ಪಕ್ಕದ ಚಾಪೆಯ ಹೆಂಗಸು, 'ಏನು ಮಾಡಿ ಬಂದೆ?' ಎಂದು ಕೇಳಿದಳು. 'ತಂಗಿಗೆ ತಲೆ ಬಾಚಿದೆ' ಎಂದಳು ಅಕ್ಕ. ಆ ಹೆಂಗಸು ಇದೇನೋ ತಲೆ ಕೆಟ್ಟ ಗಿರಾಕಿ ಎಂದುಕೊಂಡು ಚಾಪೆಯನ್ನು ಸ್ವಲ್ಪ ದೂರ ಎಳೆದುಕೊಂಡಳು. ಅಕ್ಕನಿಗೆ ಮೊದಲು ನಗು ಬಂತು. ಆಮೇಲೆ ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು, ಅಪ್ಪ ಹೋದಾಗಿನಿಂದ ಬಾರದಿದ್ದ ಅಳು ಅತ್ತಳು.

ಸೋಮವಾರ ನ್ಯಾಯಾಲಯದಲ್ಲಿ ಜನ ಕಡಿಮೆ ಇದ್ದರು. ನ್ಯಾಯಾಧೀಶೆ ವಯಸ್ಸಾದ ಹೆಂಗಸು, ಓದುವಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಳ್ಳುವವರು. ಪ್ರೊಬೇಷನ್ ಆಫೀಸರು ಒಂದು ಮೂಲೆಯಲ್ಲಿ ಕರವಸ್ತ್ರ ಹಿಡಿದು ಕೂತಿದ್ದರು. ತಂಗಿ ಮತ್ತು ಅವಳ ಗಂಡ ಹಿಂದಿನ ಬೆಂಚಿನಲ್ಲಿದ್ದರು. ಬರುವುದು ಬೇಡವೆಂದು ಗಂಡ ಹೇಳಿದ್ದರು. ಅವಳು ಕೇಳಿರಲಿಲ್ಲ.

'ಷರತ್ತು ಏನು ಅಂತ ಗೊತ್ತಿತ್ತಾ?' ಎಂದು ನ್ಯಾಯಾಧೀಶೆ ಅಕ್ಕನನ್ನು ಕೇಳಿದರು.

'ಗೊತ್ತಿತ್ತು ಮೇಡಂ.'

'ಗೊತ್ತಿದ್ದೂ ಯಾಕೆ ಹೋದ್ರಿ?'

'ಬಟ್ಟೆ ಕೊಡೋಕೆ.'

'ಯಾರ ಕೈಯಲ್ಲಾದ್ರೂ ಕಳಿಸಬಹುದಿತ್ತಲ್ಲ?'

'ಯಾರ ಕೈಯಲ್ಲೂ ಏನೂ ಕಳಿಸಬಾರದು ಅಂತ ನೀವೇ ಬರ್ದಿದೀರಿ ಮೇಡಂ.'

ಯಾರೋ ಹಿಂದೆ ಕಿಸಕ್ಕೆಂದರು. ನ್ಯಾಯಾಧೀಶೆ ಕಾಗದ ತಿರುವಿ ನೋಡಿದರು. 'ಹೇಳಿ ಕಳಿಸಬಾರದು ಅಂತ ಇದೆ' ಎಂದರು, ಅಷ್ಟೇನೂ ಖಚಿತವಿಲ್ಲದ ದನಿಯಲ್ಲಿ. ಆಮೇಲೆ ತಂಗಿಯನ್ನು ಮುಂದೆ ಕರೆದರು. 'ಇವರು ನಿಮ್ಮ ಮನೆಗೆ ನುಗ್ಗಿದ್ರಾ?'

'ನಾನೇ ಒಳಗೆ ಬಾ ಅಂದೆ.'

'ನೀವು ಕರೆದ್ರೂ ಬರೋ ಹಾಗಿರಲಿಲ್ಲ. ಆರ್ಡರ್ ಕೋರ್ಟಿಂದು, ನಿಮ್ಮದಲ್ಲ.' ಸ್ವಲ್ಪ ತಡೆದು ಕೇಳಿದರು. 'ಇವರನ್ನ ಕಂಡ್ರೆ ನಿಮಗೆ ಹೆದರಿಕೆ ಇದೆಯಾ? ನಿಜ ಹೇಳಿ.'

ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ನೆಲ ನೋಡುತ್ತಿದ್ದಳು.

'ಇದೆ' ಎಂದಳು ತಂಗಿ. 'ಚಿಕ್ಕವಳಿದ್ದಾಗಿಂದಲೂ ಇದೆ. ಈಗ ಜಾಸ್ತಿನೇ ಆಗಿದೆ. ಅವಳು ಕೈಯಲ್ಲಿ ಏನಾದ್ರೂ ಹಿಡ್ಕೊಂಡ್ರೆ ನನಗೆ ಭುಜ ನೋಯುತ್ತೆ. ಆದ್ರೆ ಅಕ್ಕ ಬೇಡ ಅಂತ ನಾನು ಯಾವತ್ತು ಹೇಳಿದೆ ಮೇಡಂ? ಕೇಸ್ ಹಾಕಿದ್ದು ಪೊಲೀಸರು. ಷರತ್ತು ಹಾಕಿದ್ದು ನೀವು. ದೂರು ಕೊಟ್ಟಿದ್ದು ನಮ್ಮ ಮನೆಯವರು. ನನ್ನ ಯಾರು ಕೇಳಿದ್ರು?'

ಅಕ್ಕ ಆ ಹೆದರಿಕೆಯ ಮಾತನ್ನು ಹಿಂದೆಂದೂ ಕೇಳಿರಲಿಲ್ಲ. ತಂಗಿ ತನಗೆ ಎದುರಾಡುವವಳು ಎಂದಷ್ಟೇ ಅವಳ ತಿಳಿವಳಿಕೆಯಾಗಿತ್ತು. ಕಟಕಟೆಯ ಕಂಬಿಯ ಮೇಲಿದ್ದ ಕೈಯನ್ನು ಕೆಳಗಿಳಿಸಿದಳು.

ನ್ಯಾಯಾಧೀಶೆ ವಾರಂಟನ್ನು ರದ್ದು ಮಾಡಿದರು. ಷರತ್ತು ಮುರಿದದ್ದಕ್ಕೆ ಪ್ರೊಬೇಷನ್ನನ್ನು ಆರು ತಿಂಗಳು ಮುಂದುವರಿಸಿದರು. ಮನೆಗೆ ಹೋಗುವಂತಿಲ್ಲ ಎಂಬುದು ಹಾಗೆಯೇ ಉಳಿಯಿತು. ಒಂದು ಬದಲಾವಣೆ ಮಾತ್ರ: ವಾರಕ್ಕೊಮ್ಮೆ, ಹಗಲಿನಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ಇಬ್ಬರೂ ಭೇಟಿಯಾಗಬಹುದು. ಆದರೆ ಜವಾಬ್ದಾರಿಯುಳ್ಳ ಮೂರನೆಯವರೊಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಗಿರಬೇಕು.

'ಯಾರಿದ್ದಾರೆ ಹಾಗೆ?' ಎಂದು ಕೇಳಿದರು. ಪ್ರೊಬೇಷನ್ ಆಫೀಸರು ಸೀನಿದರು. ನ್ಯಾಯಾಧೀಶೆಯ ನೋಟ ಹಿಂದಿನ ಬೆಂಚಿಗೆ ಹೋಯಿತು. 'ದೂರು ಕೊಟ್ಟವರು ನೀವೇ ಅಲ್ವಾ? ನಿಮ್ಮಷ್ಟು ಎಚ್ಚರದವರು ಬೇರೆ ಯಾರು ಸಿಗ್ತಾರೆ?'

ತಂಗಿಯ ಗಂಡ ಎದ್ದು ನಿಂತರು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದುಕೊಂಡವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಆದರೂ ಆಗುವುದಿಲ್ಲ ಎನ್ನಲಿಲ್ಲ.

ಭಾನುವಾರಗಳು ಹೀಗೆ ಶುರುವಾದವು. ಬಸ್ ನಿಲ್ದಾಣದ ಹಿಂದೆ ಒಂದು ಕಾಫಿ ಅಂಗಡಿ. ಕಲ್ಲಿನ ಮೇಜು, ಕಾಲು ಅಲ್ಲಾಡುವ ಕುರ್ಚಿ. ಅಕ್ಕತಂಗಿಯರು ಎದುರುಬದುರು ಕೂತರೆ ತಂಗಿಯ ಗಂಡ ಪಕ್ಕದಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಅಕ್ಕ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದಳು. ಲೋಟ ಎತ್ತುವಾಗಲೂ ನಿಧಾನವಾಗಿ ಎತ್ತುತ್ತಿದ್ದಳು.

ಜಗಳವೇನೂ ನಿಲ್ಲಲಿಲ್ಲ. ಫೋನು ಬಂತೋ ಬರಲಿಲ್ಲವೋ ಎಂಬುದು ಪ್ರತಿ ಭಾನುವಾರವೂ ಒಮ್ಮೆ ಎದ್ದು ಬರುತ್ತಿತ್ತು. ಒಮ್ಮೆ ಹಾಗೆ ಮಾತು ಏರುತ್ತಿದ್ದಾಗ ಅಕ್ಕ, 'ನಿನಗೇನೇ, ನೀನು ನೋಡಿದೆ. ನನಗೆ ಕಣ್ಣು ಮುಚ್ಚಿದ್ರೆ ಅಪ್ಪನ ಮುಖನೇ ಬರಲ್ಲ, ಬರೀ ಮಣ್ಣು ಬರುತ್ತೆ' ಎಂದಳು. ತಂಗಿ ಬಾಯಿ ತೆರೆದಳು. ಆ ದಿನ ಅವಳು ಅತ್ತೂ ಅತ್ತೂ ಏನನ್ನೂ ಸರಿಯಾಗಿ ನೋಡಿರಲಿಲ್ಲ.

ತಂಗಿಯ ಗಂಡ ಪೇಪರ್ ಮಡಚಿದರು.

'ಹಿಂದಿನ ದಿನ ಸಂಜೆ ನಾನೇ ಮಾವನಿಗೆ ಗಡ್ಡ ಮಾಡಿದ್ದೆ' ಎಂದರು. 'ಕೆನ್ನೆ ನುಣ್ಣಗಿತ್ತು ಅತ್ತಿಗೆ. ಗದ್ದದ ಹತ್ರ ಒಂದು ಚಿಕ್ಕ ಗೀರು, ಅದು ನನ್ನಿಂದ ಆಗಿದ್ದು. ಕನ್ನಡಕ ಹಾಕ್ಕೊಂಡೇ ಮಲಗಿದ್ರು. ಬೆಳಿಗ್ಗೆ ನಾನೇ ತೆಗೆದೆ. ಮೂಗಿನ ಎರಡೂ ಕಡೆ ಅದರ ಗುರುತು ಹಾಗೇ ಇತ್ತು. ಬಾಯಿ ಮುಚ್ಚಿತ್ತು. ಬಲಗಡೆ ಹುಬ್ಬು ಸ್ವಲ್ಪ ಮೇಲಿತ್ತು, ಟಿಕೆಟ್ ಎಲ್ಲಿ ಅಂತ ಕೇಳೋವಾಗ ಇರೋ ಹಾಗೆ.'

ಅಕ್ಕ ಅವರನ್ನೇ ನೋಡುತ್ತ ಕೂತಳು. 'ಬಲಗಡೆ?' ಎಂದು ಕೇಳಿದಳು.

'ಬಲಗಡೆ.'

'ಹೌದು, ಅದೇ ಏಳ್ತಿತ್ತು' ಎಂದಳು ಅಕ್ಕ. ಅಂದಿನಿಂದ ಅವಳು ಬೆನ್ನ ಹಿಂದೆಯೂ ಅವರನ್ನು ಕನ್ನಡಕದ ಸಾಹೇಬರು ಎನ್ನುವುದನ್ನು ಬಿಟ್ಟಳು.

ಪ್ರೊಬೇಷನ್ ಮುಗಿಯಲು ಇನ್ನೂ ಕೆಲವು ವಾರಗಳಿದ್ದಾಗ ಒಂದು ಭಾನುವಾರ ತಂಗಿ ಒಬ್ಬಳೇ ಬಂದಳು. ಗಂಡನನ್ನು ಕನ್ನಡಕದ ಅಂಗಡಿಯ ಮಾಲೀಕರು ಏನೋ ತುರ್ತು ಕೆಲಸಕ್ಕೆ ಕರೆಸಿದ್ದರು. ಹಿಂದೆಯೇ ಬರುವೆನೆಂದು ಹೇಳಿದ್ದರು. ತಂಗಿ ಕುರ್ಚಿ ಎಳೆದುಕೊಂಡು ಕೂತಳು. ಅಕ್ಕ ತನ್ನ ಲೋಟ ಎತ್ತಿಕೊಂಡು ಎದ್ದು, ಬಾಗಿಲ ಬಳಿಯ ಬೇರೆ ಮೇಜಿಗೆ ಹೋದಳು.

'ಇದೇನೇ ನಿನ್ನ ನಾಟಕ?' ಎಂದಳು ತಂಗಿ.

ಅಕ್ಕ ಬೆರಳಿನಿಂದ ತಂಗಿಯ ಗಂಡ ಕೂರುತ್ತಿದ್ದ ಖಾಲಿ ಕುರ್ಚಿಯನ್ನು ತೋರಿಸಿದಳು.

'ಇಲ್ಲಿ ಯಾರು ನೋಡ್ತಾರೆ? ಬಾ ಇಲ್ಲಿ.'

ಅಕ್ಕ ತಲೆ ಅಲ್ಲಾಡಿಸಿದಳು. ಕಾಫಿ ಅಂಗಡಿಯವನು ಒಮ್ಮೆ ಈ ಮೇಜು, ಒಮ್ಮೆ ಆ ಮೇಜು ನೋಡಿ ಒಳಗೆ ಹೋದ. ತಂಗಿ ಗೊಣಗಿದಳು, ಬೈದಳು, ಕೊನೆಗೆ ಸುಮ್ಮನಾದಳು. ಬಸ್ಸುಗಳು ಬಂದವು, ಹೋದವು. ಇಬ್ಬರೂ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು.

ತಂಗಿಯ ಗಂಡ ಏದುಸಿರು ಬಿಡುತ್ತ ಬಂದಾಗ ಕಾಫಿ ಆರಿ ತಣ್ಣಗಾಗಿತ್ತು. ಅವರು ಎರಡು ಮೇಜುಗಳನ್ನೂ ನೋಡಿದರು. ಅಕ್ಕ ಲೋಟ ಹಿಡಿದು ಎದ್ದು ಬಂದಳು.

'ಅಲ್ವೇ, ನಿನಗೆ ಬುದ್ಧಿ...' ಎಂದು ತಂಗಿ ಶುರುಮಾಡಿದಳು.

'ಇರು' ಎಂದಳು ಅಕ್ಕ. 'ಮೊದ್ಲು ಅವರು ಕೂತ್ಕೊಳ್ಲಿ.'